ನಂಬರ್ 41ಕ್ಕೆ ಒಂದು ಪುಟ

ನಮ್ಮ ಹಾಲಿನ ಡೈರಿಯಲ್ಲಿ ಹೆಸರಿಗಿಂತ ನಂಬರ್ ಜಾಸ್ತಿ ಓಡುತ್ತದೆ. ಬೆಳಗ್ಗೆ ಆರು ಗಂಟೆಗೆ ಕ್ಯಾನ್ ಇಟ್ಟವರು "ನಲವತ್ತೊಂದು" ಅನ್ನುತ್ತಾರೆ, ನಾನು 41ರ ಮುಂದೆ ಲೀಟರ್ ಬರೆಯುತ್ತೇನೆ. ಹತ್ತೊಂಬತ್ತು ವರ್ಷದಿಂದ ಈ ಹಾಲು ಸಂಘದ ಕಾರ್ಯದರ್ಶಿ ಕೆಲಸ ನನ್ನದೇ. ಊರು ಚಿಂತಾಮಣಿ ತಾಲ್ಲೂಕಿನದು, ಕೈವಾರದ ಕಡೆ. ಇಲ್ಲಿ ಯಾರ ಬಗ್ಗೆ ಬರೆಯುತ್ತೇನೋ ಅವರ ಹೆಸರು ಹಾಕುವುದಿಲ್ಲ. ಮನೆಯವರು ಬೇಡ ಅಂದಿದ್ದಾರೆ. ಆದ್ದರಿಂದ ಡೈರಿ ನಂಬರಲ್ಲೇ ಕರೆಯುತ್ತೇನೆ, ಅವರಿಗೂ ಅದು ಹೊಸದಲ್ಲ.

ಸೆಪ್ಟೆಂಬರಿನಲ್ಲಿ ನಮ್ಮ ಸರ್ವಸದಸ್ಯರ ಸಭೆ. ಶಾಮಿಯಾನ, ಮೈಕು, ಬೋನಸ್ ಗಲಾಟೆ, ಕೊನೆಗೆ ಬೂಂದಿ ಪೊಟ್ಟಣ. ಅಜೆಂಡಾದಲ್ಲಿ ಮೊದಲ ಸಾಲು 'ಅಗಲಿದ ಸದಸ್ಯರಿಗೆ ಶ್ರದ್ಧಾಂಜಲಿ'. ನಾನು ಹೆಸರು ಓದಬೇಕು, ಎಲ್ಲರೂ ಎದ್ದು ಒಂದು ನಿಮಿಷ ಮೌನ. ನಮ್ಮೂರಲ್ಲಿ ಆ ನಿಮಿಷ ಇಪ್ಪತ್ತು ಸೆಕೆಂಡಿಗೆ ಮುಗಿಯುತ್ತದೆ, ಯಾರದ್ದಾದರೂ ಫೋನ್ ಹೊಡೆದುಕೊಂಡರೆ ಇನ್ನೂ ಬೇಗ.

ಸಾಮಾನ್ಯವಾಗಿ ಮೂರೋ ನಾಲ್ಕೋ ಹೆಸರು ಇರುತ್ತಿದ್ದವು. 2021ರಲ್ಲಿ ಒಂಬತ್ತು ಇದ್ದವು. ಅದರಲ್ಲಿ ಐದು ಜನ ಏಪ್ರಿಲ್-ಮೇ ತಿಂಗಳಲ್ಲೇ ಹೋದವರು. ಲಾಕ್‌ಡೌನ್ ಇದ್ದರೂ ಹಾಲು ನಿಲ್ಲಿಸುವ ಹಾಗಿರಲಿಲ್ಲ. ಸುಣ್ಣದಲ್ಲಿ ವೃತ್ತ ಬರೆದು ಒಬ್ಬೊಬ್ಬರನ್ನೇ ನಿಲ್ಲಿಸಿ ಅಳೆದುಕೊಳ್ಳುತ್ತಿದ್ದೆ. ಇವತ್ತು ವೃತ್ತದಲ್ಲಿ ನಿಂತವರು ಮುಂದಿನ ವಾರ ಇಲ್ಲ. ನಮ್ಮ ಕಡೆ ಸಾವಾದರೆ ರಾತ್ರಿಯೆಲ್ಲ ಭಜನೆ ಕೂರುತ್ತದೆ, ಹಾರ್ಮೋನಿಯಂ, ತಾಳ, ಕೈವಾರ ತಾತಯ್ಯನ ಕೀರ್ತನೆ. ಅದೂ ಆಗಲಿಲ್ಲ. 41ರ ಅಜ್ಜಿಯ ದೇಹ ಆಸ್ಪತ್ರೆಯಿಂದ ಮನೆಗೇ ಬರಲಿಲ್ಲ. ಮೂರನೇ ದಿನದ ಹಾಲುತುಪ್ಪಕ್ಕೆ ಇದ್ದದ್ದು ನಾಲ್ಕು ಜನ.

ಆ ಸಭೆಯಲ್ಲಿ ಒಂಬತ್ತು ಹೆಸರು ಓದಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಮೇಲೆ 'ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು' ಅಂತ ಮುಂದಕ್ಕೆ ಹೋದೆ. ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಕೇಳಿದಳು, "41ರ ಹೆಸರು ಓದಿದ್ರಾ?" ಓದಿದೆ ಅಂದೆ. ಅವಳು ಸಭೆಯಲ್ಲೇ ಇದ್ದಳು. ಇದ್ದೂ ಕೇಳಿಸಿಕೊಂಡಿರಲಿಲ್ಲ, ಅಷ್ಟು ಬೇಗ ಓದಿದ್ದೆ.

ಒಬ್ಬೊಬ್ಬರಿಗೆ ಒಂದು ಪುಟ ಬರೆಯೋಣ, ಮುಂದಿನ ಸಭೆಯಲ್ಲಿ ಓದೋಣ ಅಂತ ತಲೆಗೆ ಬಂದದ್ದು ಹೀಗೆ. ಚಿಂತಾಮಣಿಯಿಂದ ಉದ್ದನೆಯ ರಿಜಿಸ್ಟರ್ ತಂದೆ, ಇನ್ನೂರು ಪುಟದ್ದು. ತಂದದ್ದು ಸುಲಭ. ಬರೆಯಲು ಕೂತರೆ ಕೈಗೆ ಬಂದದ್ದು ಫ್ಲೆಕ್ಸಿನ ಮಾತು: 'ಸರಳ ಜೀವಿ, ಸ್ನೇಹಜೀವಿ, ಕೊಡುಗೈ ದಾನಿ.' ಬಸ್‌ಸ್ಟ್ಯಾಂಡಿನಲ್ಲಿ ಕಟ್ಟುವ ಫ್ಲೆಕ್ಸ್ ನೋಡಿದ್ದೀರಲ್ಲ, ಜೀವಮಾನದಲ್ಲಿ ಕೋಟು ಹಾಕದವರಿಗೆ ಸ್ಟುಡಿಯೋದವರು ಕೋಟು ಹಾಕಿಸಿರುತ್ತಾರೆ. ನಾನೂ ಒಂಬತ್ತು ಜನಕ್ಕೂ ಅದೇ ಕೋಟು ಹಾಕಿಸಿದ್ದೆ. ಯಾರ ಪುಟ ಯಾರದ್ದು ಅಂತ ನನಗೇ ಗೊತ್ತಾಗಲಿಲ್ಲ. ಹರಿದು ಹಾಕಿದೆ.

ಮನೆಮನೆಗೆ ಹೋಗಿ ಕೇಳಿದೆ. "ಅಮ್ಮ ಹೇಗಿದ್ದರು?" ಅಂದರೆ "ದೇವರಂಥ ಮನುಷ್ಯರು" ಅನ್ನುತ್ತಾರೆ. ಸುಳ್ಳಲ್ಲ, ಆದರೆ ಅಲ್ಲಿಗೆ ಮಾತು ಮುಗಿಯುತ್ತದೆ. ಕೇಳುವುದನ್ನೇ ಬದಲಾಯಿಸಿದೆ. ಬೆಳಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು? ಹಸುವಿಗೆ ಏನಂತ ಕರೆಯುತ್ತಿದ್ದರು? ಯಾರ ಜೊತೆ ಜಗಳ? ದುಡ್ಡು ಎಲ್ಲಿ ಇಡುತ್ತಿದ್ದರು? ಈ ಕೊನೇ ಪ್ರಶ್ನೆಗೆ ಎಲ್ಲರೂ ನಗುತ್ತಾರೆ, ಆಮೇಲೆ ಬಾಯಿ ಬಿಡುತ್ತಾರೆ. ರಾಗಿ ಡಬ್ಬ, ದಿಂಬಿನ ಹೊಟ್ಟೆ, ಹಳೇ ಹಾರ್ಲಿಕ್ಸ್ ಬಾಟಲಿ. 41 ಮಾತ್ರ ಸೊಸೆಯ ಕೈಗೇ ಕೊಡುತ್ತಿದ್ದರಂತೆ. ಅದನ್ನು ಹೇಳುವಾಗ ಸೊಸೆ ಸೆರಗು ಬಾಯಿಗಿಟ್ಟುಕೊಂಡರು.

ಹೋಗುವ ಹೊತ್ತೂ ಮುಖ್ಯ. ಹನ್ನೊಂದನೇ ದಿನದೊಳಗೆ ಹೋಗಲೇಬಾರದು. ಮನೆ ತುಂಬ ನೆಂಟರು, ಯಾರಾದರೂ ಒಬ್ಬರು ಎಲ್ಲರ ಪರವಾಗಿ ಮಾತಾಡುತ್ತಾರೆ. ಒಂದು ತಿಂಗಳು ಬಿಟ್ಟು, ಸಂಜೆ ಹಾಲು ಮುಗಿದ ಮೇಲೆ, ಪೆನ್ನು ಜೇಬಲ್ಲೇ ಇಟ್ಟುಕೊಂಡು ಹೋಗುತ್ತೇನೆ. ಕಾಫಿ ಬಂದ ಮೇಲೂ ಪೆನ್ನು ತೆಗೆಯುವುದಿಲ್ಲ. ಮನೆಗೆ ಬಂದು ಬರೆದುಕೊಳ್ಳುತ್ತೇನೆ. ಮರೆತದ್ದು ಮರೆತಂತೆ.

ಇನ್ನೊಂದು ಕಡೆಯಿಂದ ಸಿಕ್ಕ ಸಹಾಯ ನಾನು ನಿರೀಕ್ಷೆ ಮಾಡಿರಲಿಲ್ಲ: ಡೈರಿಯದೇ ಹಳೇ ಪುಸ್ತಕಗಳು. ಆಡಿಟ್ ಮುಗಿದು ವರ್ಷಗಳಾದ ಮೇಲೆ ಅವು ಗುಜರಿಗೆ ಹೋಗಬೇಕಾದವು. ಅಟ್ಟದ ಮೇಲೆ ಉಳಿದದ್ದು ನನ್ನ ಸೋಮಾರಿತನದಿಂದ. 41ರ ಸಾಲು ಹುಡುಕುತ್ತ ಹೋದೆ. ಅವರ ಗಂಡ ತೀರಿಕೊಂಡ ದಿನ ನನಗೆ ನೆನಪಿತ್ತು, ಆ ತಾರೀಕು ತೆಗೆದೆ. ಬೆಳಗ್ಗೆ ಖಾಲಿ. ಸಂಜೆ 3.2 ಲೀಟರ್. ಬರೆದದ್ದು ನಾನೇ, ನನ್ನದೇ ಅಕ್ಷರ. ಮರುದಿನ ಬೆಳಗ್ಗೆ 3.4, ಸಂಜೆ 3. ಅಲ್ಲಿಂದ ಹನ್ನೊಂದನೇ ದಿನದವರೆಗೆ ಒಂದು ಹೊತ್ತೂ ತಪ್ಪಿಲ್ಲ. ಕ್ಯಾನ್ ತಂದದ್ದು ಮೊಮ್ಮಗಳು. ಹಾಲು ಕರೆದದ್ದು ಯಾರು ಅಂತ ಸೊಸೆಯನ್ನು ಕೇಳಿದೆ. "ಅತ್ತೇನೇ. ಹೆಣ ಎತ್ತಿದ ಮೇಲೆ ತಲೆಗೆ ನೀರು ಹಾಕ್ಕೊಂಡು ಬಂದು ಕೊಟ್ಟಿಗೆಗೆ ಹೋದ್ರು. ಕೆಚ್ಚಲು ಕಟ್ಕೊಂಡು ಅದು ಒದರ್ತಾ ಇತ್ತು."

ಅದೇ ಪುಸ್ತಕಗಳಲ್ಲಿ ಮುಂದೆ ಒಂದು ಕಡೆ 41 ನಾಲ್ಕು ತಿಂಗಳು ಪೂರ್ತಿ ಖಾಲಿ. ಕೇಳಿದರೆ ಮೊಮ್ಮಗಳ ನರ್ಸಿಂಗ್ ಫೀಸಿಗೆ ಹಸು ಮಾರಿದ್ದರು. ಮನೆಯವರು ಇದನ್ನು ತಾವಾಗಿ ಹೇಳಿರಲಿಲ್ಲ. ದೊಡ್ಡ ವಿಷಯ ಅಂತ ಅವರಿಗೆ ಅನ್ನಿಸಿರಲಿಲ್ಲ ಅಷ್ಟೆ.

ವಯಸ್ಸಿನ ವಿಷಯ ಒಂದು ಪೇಚಾಟ. ಆಧಾರ್ ನೋಡಿದರೆ ನಮ್ಮೂರಿನ ಮುದುಕರೆಲ್ಲ ಜನವರಿ 1ಕ್ಕೆ ಹುಟ್ಟಿದವರು. ಸ್ಕೂಲಿಗೆ ಹೋದವರಾದರೆ ಜೂನ್ 1, ಮೇಷ್ಟ್ರು ಬರೆದದ್ದು. 41ರ ಆಧಾರಿನಲ್ಲಿ 01-01-1945 ಇತ್ತು, ಮಗ ಫ್ಲೆಕ್ಸಿಗೂ ಅದನ್ನೇ ಹಾಕಿಸಿದ್ದ. ಆದರೆ ಅಜ್ಜಿಯ ತವರು ಗೌರಿಬಿದನೂರಿನ ಕಡೆ. ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹದವರ ಮೇಲೆ ಪೊಲೀಸರ ಗುಂಡು ಹಾರಿದಾಗ ತಾನು ಕೈಗೂಸು ಅಂತ ಅವರಮ್ಮ ಹೇಳುತ್ತಿದ್ದರಂತೆ. ಅದು 1938ರ ಏಪ್ರಿಲ್ 25. ತನ್ನ ಬೆನ್ನಿಗೆ ಬಂದ ತಮ್ಮ ಹುಟ್ಟಿದ್ದು ಬಹುಧಾನ್ಯ ಸಂವತ್ಸರದ ಕೊನೆಯಲ್ಲಿ ಅಂತಲೂ ಅಜ್ಜಿ ಹೇಳಿದ್ದರಂತೆ. ಬಹುಧಾನ್ಯ ಶುರುವಾದದ್ದೂ 1938ರ ಯುಗಾದಿಗೇ, ಅಂದರೆ ಆ ತಮ್ಮ 1939ರ ಮೊದಲ ತಿಂಗಳುಗಳವನು. ಲೆಕ್ಕ ಕೂಡಿತು. ಹೋದಾಗ ಎಂಬತ್ಮೂರರ ಆಸುಪಾಸು, ಎಪ್ಪತ್ತಾರಲ್ಲ. ಏಳು ವರ್ಷ ಸರ್ಕಾರಿ ಕಾಗದದಲ್ಲಿ ಮಾಯ. ಈಗ ಯಾರ ಮನೆಗೆ ಹೋದರೂ ಯಾವ ಸಂವತ್ಸರ, ಯಾವ ಬರ, ಯಾವ ಮದುವೆ ಅಂತ ಕೇಳಿ ಅರವತ್ತು ವರ್ಷದ ಪಟ್ಟಿ ಎದುರಿಗಿಟ್ಟುಕೊಂಡು ಕೂರುತ್ತೇನೆ. ಜಿಲ್ಲೆಯ ಹೆಸರಿನಲ್ಲೂ ಇದೇ ಕತೆ. ಹಳೇ ಪತ್ರದಲ್ಲೆಲ್ಲ ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ. ಹುಟ್ಟಿದ್ದು ಒಂದು ಜಿಲ್ಲೆ, ಸತ್ತದ್ದು ಇನ್ನೊಂದು, ಮನೆ ಮಾತ್ರ ಅದೇ.

ಭಾಷೆಗೂ ಸ್ವಲ್ಪ ಒದ್ದಾಡಿದೆ. ನಮ್ಮಲ್ಲಿ ಅರ್ಧ ಮನೆಗಳ ಒಳಮಾತು ತೆಲುಗು. 58ರ ತಾತ ಎದುರಿಗೆ ಸಿಕ್ಕ ಮಕ್ಕಳನ್ನೆಲ್ಲ "ಏಮ್ರಾ, ಸಂಗಟಿ ತಿಂಟಿವಾ?" ಅಂತ ಕೇಳುತ್ತಿದ್ದರು. ಮೊದಲು 'ಊಟ ಆಯಿತೇ ಎಂದು ವಿಚಾರಿಸುತ್ತಿದ್ದರು' ಅಂತ ಬರೆದಿದ್ದೆ. ಓದಿಕೊಂಡರೆ ತಾಲ್ಲೂಕು ಆಫೀಸಿನವರು ವಿಚಾರಿಸಿದ ಹಾಗಿತ್ತು. ತೆಲುಗನ್ನೇ ಇಟ್ಟೆ. ಸಭೆಯಲ್ಲಿ ಆ ಸಾಲು ಬಂದಾಗ ಮುಂದೆ ಕೂತಿದ್ದ ನಾಲ್ಕೈದು ಜನ ಒಟ್ಟಿಗೇ "ತಿಂಟಿ ತಾತಾ" ಅಂದರು.

58ರ ಪುಟದಲ್ಲೇ ನಾನು ಎಡವಿದ್ದು. ಒಳ್ಳೇ ಪುಟ ಅಂದುಕೊಂಡಿದ್ದೆ. ಹುಡುಗನಾಗಿದ್ದಾಗ ಕೋಲಾರ-ಚಿಕ್ಕಬಳ್ಳಾಪುರದ ನ್ಯಾರೋಗೇಜ್ ರೈಲಿನಲ್ಲಿ ಹುರಿದ ಕಡಲೆಕಾಯಿ ಮಾರುತ್ತಿದ್ದದ್ದು, ಏರು ಬಂದರೆ ರೈಲಿನಿಂದ ಇಳಿದು ಪಕ್ಕದಲ್ಲೇ ನಡೆಯುತ್ತಿದ್ದೆ ಅಂತ ಕೊಚ್ಚಿಕೊಳ್ಳುತ್ತಿದ್ದದ್ದು, 2013ರಲ್ಲಿ ಬ್ರಾಡ್‌ಗೇಜ್ ಬಂದಾಗ ಟಿಕೆಟ್ ತಗೊಂಡು ಚಿಕ್ಕಬಳ್ಳಾಪುರದವರೆಗೆ ಸುಮ್ನೆ ಹೋಗಿ ಬಂದದ್ದು, ಎಲ್ಲ ಇತ್ತು. ಕೊನೆಯಲ್ಲಿ 'ಇಬ್ಬರು ಗಂಡುಮಕ್ಕಳನ್ನು ಅಗಲಿದ್ದಾರೆ' ಅಂತ ಓದಿದೆ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು, ಏನೂ ಹೇಳದೆ, ಶಾಮಿಯಾನದ ಹಗ್ಗ ದಾಟಿ ಹೊರಟುಹೋದರು. ಅವರ ಮಗಳು. ಮುಳಬಾಗಿಲಿನ ಕಡೆ ಕೊಟ್ಟಿರುವ ಮಗಳು, ಅಪ್ಪನ ಪುಟ ಓದುತ್ತಾರಂತೆ ಅಂತ ಕೇಳಿ ಎರಡು ಬಸ್ ಬದಲಾಯಿಸಿ ಬಂದಿದ್ದರು.

ಗಂಡುಮಕ್ಕಳು ನನಗೆ ಹೇಳಲಿಲ್ಲ ಅನ್ನುವುದು ನಿಜ. ನಾನು ಕೇಳಲಿಲ್ಲ ಅನ್ನುವುದು ಅದಕ್ಕಿಂತ ನಿಜ. ಮುಂದಿನ ಭಾನುವಾರ ಬೈಕ್ ತಗೊಂಡು ಅವರ ಊರಿಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿದರು. ಆಮೇಲೆ ಚಾಪೆ ಹಾಕಿದರು. ಅಪ್ಪನ ಬಗ್ಗೆ ಅವರು ಹೇಳಿದ್ದರಲ್ಲಿ ಅರ್ಧ ಗಂಡುಮಕ್ಕಳಿಗೆ ಗೊತ್ತೇ ಇರಲಿಲ್ಲ. ಹೆಂಡತಿ ಹಾಸಿಗೆ ಹಿಡಿದ ಎರಡು ವರ್ಷ ತಾತನೇ ಮುದ್ದೆ ತಿರುವಿ, ಅವರ ತಲೆ ಬಾಚಿ ಜಡೆ ಹಾಕುತ್ತಿದ್ದರಂತೆ. ಜಡೆ ಹಾಕುವುದನ್ನು ಕಲಿಸಿದ್ದು ಈ ಮಗಳು, ತೆಂಗಿನ ನಾರು ಕೈಗೆ ಕೊಟ್ಟು. ಪುಟವನ್ನು ಹೊಸದಾಗಿ ಬರೆದೆ, ಮುಂದಿನ ವರ್ಷದ ಸಭೆಯಲ್ಲಿ ಮತ್ತೆ ಓದಿದೆ. ಒಂದೇ ಸದಸ್ಯರಿಗೆ ಎರಡು ಸಲ ಶ್ರದ್ಧಾಂಜಲಿ ಯಾವ ಬೈಲಾದಲ್ಲಿದೆ ಅಂತ ಒಬ್ಬ ನಿರ್ದೇಶಕರು ಕೇಳಿದರು. ನಡವಳಿ ಪುಸ್ತಕದಲ್ಲಿ ಅವರ ಆಕ್ಷೇಪಣೆ ದಾಖಲಾಗಿದೆ.

ಅವತ್ತಿನಿಂದ ಮೊದಲ ಫೋನು ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳಿಗೆ.

ಬರೆದದ್ದನ್ನು ಸಭೆಗೆ ಮುಂಚೆ ಮನೆಯವರ ಮುಂದೆ ಓದುತ್ತೇನೆ. ಬೇಡ ಅಂದದ್ದನ್ನು ಹೊಡೆದು ಹಾಕುತ್ತೇನೆ, ವಾದ ಮಾಡುವುದಿಲ್ಲ. ಸಾಲ ಬರೆಯುವುದಿಲ್ಲ. ಹೇಗೆ ಸತ್ತರು ಅನ್ನುವುದನ್ನೂ ಬರೆಯುವುದಿಲ್ಲ, ಊರಿಗೆ ಅದು ಹೇಗೂ ಗೊತ್ತು. ಆದರೆ ಒಂದೊಂದು ಸಲ ಉಲ್ಟಾ ಆಗುತ್ತದೆ. 23 ಹಾಲಿಗೆ ನೀರು ಹಾಕುತ್ತಿದ್ದವರು. ಲ್ಯಾಕ್ಟೋಮೀಟರ್ 28 ತೋರಿಸಬೇಕಾದ ಕಡೆ ಅವರ ಹಾಲಿಗೆ 22. ಮೂರು ಸಲ ವಾಪಸ್ ಕಳಿಸಿದ್ದೇನೆ. ಪುಟದಲ್ಲಿ ಆ ಮಾತೇ ಎತ್ತಿರಲಿಲ್ಲ. ಓದಿ ಮುಗಿಸಿದರೆ ಮಗ ಅಂದ, "ನೀರು ಹಾಕ್ತಿದ್ದದ್ದು ಬರಿ ಅಣ್ಣ. ಅದಿಲ್ದೆ ಇದು ನಮ್ಮಪ್ಪ ಅಂತ ಯಾರು ನಂಬ್ತಾರೆ?" ಬರೆದೆ. ಮೂರನೇ ಸಲ ಸಿಕ್ಕಿಬಿದ್ದಾಗ "ಹಸು ಕೆರೇಲಿ ನೀರು ಜಾಸ್ತಿ ಕುಡಿದುಬಿಟ್ಟಿದೆ" ಅಂದದ್ದನ್ನೂ ಸೇರಿಸಿದೆ. ಆ ವರ್ಷ ಕೆರೆಯಲ್ಲಿ ತೊಟ್ಟು ನೀರಿರಲಿಲ್ಲ. ಸಭೆಯೆಲ್ಲ ನಕ್ಕಿತು, ಅವರ ಹೆಂಡತಿ ಎಲ್ಲರಿಗಿಂತ ಜೋರಾಗಿ.

ಕೆರೆ ಅಂದ ಮೇಲೆ ನೆನಪಾಯಿತು. ನಮ್ಮ ಕೆರೆ ಏರಿಯ ಕೆಳಗೆ ಒಂದು ವೀರಗಲ್ಲು ಇದೆ. ಕೋಲಾರ-ಚಿಕ್ಕಬಳ್ಳಾಪುರದ ಕಡೆ ಇಂಥವು ತುಂಬಾ. ತುರು ಹಿಡಿಯಲು ಬಂದವರ ಜೊತೆ ಹೊಡೆದಾಡಿ ಸತ್ತವನ ಕಲ್ಲು. ಕೆಳಗೆ ಹಸುಗಳು, ಕೈಯಲ್ಲಿ ಕತ್ತಿ, ಮೇಲೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಬಟ್ಟೆ ಒಗೆದು ಒಗೆದು ಅಕ್ಷರವೆಲ್ಲ ಸವೆದಿದೆ, ಹೆಸರು ಗೊತ್ತಿಲ್ಲ. ಅವನಿಗೂ ಹಸು, ನಮಗೂ ಹಸು. ಒಂದು ಮಧ್ಯಾಹ್ನ ಅಲ್ಲಿ ಕೂತು ಯೋಚಿಸಿದ್ದೆ, ಇವನು ಯಾರ ಜೊತೆ ಜಗಳ ಆಡುತ್ತಿದ್ದ, ದುಡ್ಡು ಎಲ್ಲಿ ಇಡುತ್ತಿದ್ದ ಅಂತ.

ಈಗ ಸಭೆಯ ಕ್ರಮ ಬದಲಾಗಿದೆ. ಮೊದಲು ಭಜನೆಯವರು ಎರಡು ಕೀರ್ತನೆ ಹಾಡುತ್ತಾರೆ, 2021ರಲ್ಲಿ ಹಾಡಲಾಗದ್ದಕ್ಕೆ ಅಂತ ಅವರೇ ಶುರು ಮಾಡಿದ್ದು. ಆಮೇಲೆ ಪುಟಗಳು, ಒಂದಕ್ಕೆ ಎರಡು-ಮೂರು ನಿಮಿಷ. ಎಲ್ಲರಿಗೂ ಹಿಡಿಸಿದೆ ಅಂತಲ್ಲ. ಬೋನಸ್ ತಡವಾಗುತ್ತದೆ ಅಂತ ಗೊಣಗುವವರು ಇದ್ದಾರೆ. ಆದರೆ ಪಿತೃಪಕ್ಷ ಹತ್ತಿರವೇ ಬರುವುದರಿಂದ ಕೆಲವು ಮನೆಯವರು ಪುಟದ ಜೆರಾಕ್ಸ್ ಕೇಳಿ ತೆಗೆದುಕೊಂಡು ಹೋಗುತ್ತಾರೆ, ಮಹಾಲಯ ಅಮಾವಾಸ್ಯೆಯ ದಿನ ಎಡೆಯ ಪಕ್ಕ ಇಡಲು. 41ರ ಮನೆಯಲ್ಲಿ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದಿದ್ದಾರೆ. ಸದಸ್ಯತ್ವ ಸೊಸೆಯ ಹೆಸರಿಗೆ ಆಗಿದೆ, ನಂಬರ್ ಅದೇ.

ಈ ವರ್ಷದ್ದು ನಾಲ್ಕು ಪುಟ. ಮೂರು ಮುಗಿದಿವೆ. 112ರದ್ದು ಬಾಕಿ. ಅವರ ಮಗಳನ್ನು ಮಾಲೂರಿಗೆ ಕೊಟ್ಟಿದ್ದಾರೆ, ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಭಾನುವಾರವೇ ಸಿಗುವುದು. ಹೋದ ವಾರ ಫೋನ್ ಮಾಡಿದ್ದೆ. "ನಮ್ಮಮ್ಮನ ಬಗ್ಗೆ ನನ್ನ ಕೇಳ್ತಿದ್ದೀರಾ?" ಅಂದರು. ಹೌದು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಹಂಗಾದ್ರೆ ಬೆಳಗ್ಗೇನೇ ಬನ್ನಿ, ಜಾಸ್ತಿ ಇದೆ" ಅಂದರು.