ವೆಬ್‌ಸೈಟಿನ ಪುಟಗಳನ್ನು ಒಂದಕ್ಕೊಂದು ಜೋಡಿಸುವುದು ಹೇಗೆ?

"ಮಾರಾಯ್ರೇ, ವೆಬ್‌ಸೈಟ್ ಮಾಡಿಸಿ ಎರಡು ವರ್ಷ ಆಯ್ತು. ಒಂದು ಫೋನೂ ಬರಲಿಲ್ಲ."

ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ಮರದ ಹಾಳೆಯಿಂದ ಊಟದ ತಟ್ಟೆ ಮಾಡುವ ಒಬ್ಬರು ಕಳೆದ ಮಳೆಗಾಲದಲ್ಲಿ ನನಗೆ ಹೇಳಿದ ಮಾತಿದು. ಅವರ ತಟ್ಟೆ ಗಟ್ಟಿ, ಅಂಚು ನಯ, ಬಿಸಿ ಸಾರು ಬಡಿಸಿದರೂ ಮೆತ್ತಗಾಗುವುದಿಲ್ಲ. ಸೈಟೂ ನೋಡಲು ಚಂದವೇ ಇತ್ತು. ಅವರ ಜಗಲಿಯಲ್ಲೇ ಕೂತು ಫೋನಿನಲ್ಲಿ ತೆರೆದೆ. ಮದುವೆಗೆ, ದೇವಸ್ಥಾನದ ಬ್ರಹ್ಮಕಲಶಕ್ಕೆ ಸಾವಿರಗಟ್ಟಲೆ ಹೋಗುವ 12 ಇಂಚಿನ ತಟ್ಟೆಗೆ ಬೇರೆಯೇ ಪುಟ ಇದೆ ಎಂದರು. ಎಲ್ಲಿ ಎಂದು ಕೇಳಿದರೆ ಅವರಿಗೇ ಸಿಗಲಿಲ್ಲ. ಮುಖಪುಟದಲ್ಲಿಲ್ಲ, ಮೆನುವಿನಲ್ಲಿಲ್ಲ, ಬೇರೆ ಯಾವ ಪುಟದಲ್ಲೂ ಅದರ ಲಿಂಕ್ ಇಲ್ಲ. ಕೊನೆಗೆ ವಾಟ್ಸ್‌ಆ್ಯಪಿನ ಒಂದು ಹಳೆಯ ಮೆಸೇಜಿನಲ್ಲಿ ಸಿಕ್ಕಿತು.

ಇದೇ ತಪ್ಪನ್ನು ಅಡಿಕೆ ಸಸಿ ಮಾರುವ ನರ್ಸರಿಯವರ ಸೈಟಿನಲ್ಲಿ, ಬೇಕಲದ ಕಡೆಯ ಹೋಂಸ್ಟೇ ಸೈಟಿನಲ್ಲಿ, ಸೀರೆ ಅಂಗಡಿಯವರ ಸೈಟಿನಲ್ಲಿ ನೋಡಿದ್ದೇನೆ. ಹಣ ಖರ್ಚು ಮಾಡಿ ಪುಟ ಮಾಡಿಸುತ್ತಾರೆ, ಅಲ್ಲಿಗೆ ದಾರಿ ಮಾಡುವುದನ್ನು ಬಿಡುತ್ತಾರೆ. ಸರಿಪಡಿಸಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಎರಡು ಸಂಜೆ ಕೂತರೆ ಸಾಕು.

ಹಂತ 1: ಗೂಗಲ್‌ಗೆ ನಿಮ್ಮ ಸೈಟ್ ಕಾಣುತ್ತಿದೆಯೇ?

ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಸೈಟ್' (site) ಎಂದು ಬರೆಯಿರಿ. ಅದಕ್ಕೆ ತಾಗಿ ಕೋಲನ್ (:) ಹಾಕಿ. ನಡುವೆ ಜಾಗ ಬಿಡದೆ ನಿಮ್ಮ ಸೈಟಿನ ವಿಳಾಸ ಹಾಕಿ ಹುಡುಕಿ. ಗೂಗಲ್‌ಗೆ ಗೊತ್ತಿರುವ ನಿಮ್ಮ ಪುಟಗಳು ಕಾಣುತ್ತವೆ. ಇದು ಪೂರ್ತಿ ಪಟ್ಟಿ ಅಲ್ಲ, ಆದರೆ ಅಂದಾಜು ಸಿಗುತ್ತದೆ.

ಏನೂ ಬಾರದಿದ್ದರೆ, ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಸೈಟಾದರೆ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಎಂಬಲ್ಲಿಗೆ ಹೋಗಿ. ಸರ್ಚ್ ಎಂಜಿನ್‌ಗಳು ಈ ಸೈಟಿಗೆ ಬರುವುದು ಬೇಡ ಎಂಬ ಅರ್ಥದ ಒಂದು ಚೌಕ ಅಲ್ಲಿದೆ. ಸೈಟ್ ಕಟ್ಟುವಾಗ ಅದಕ್ಕೆ ಗುರುತು ಹಾಕುತ್ತಾರೆ, ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ನನ್ನ ಮನೆಯವರ ಸಣ್ಣ ವ್ಯಾಪಾರದ ಸೈಟೇ ಹೀಗೆ ಏಳು ತಿಂಗಳು ಕಣ್ಮರೆಯಾಗಿತ್ತು. ಮಾಡಿಕೊಟ್ಟವರು ಪ್ರತಿ ಸಲವೂ "ಸ್ವಲ್ಪ ಕಾಯಿರಿ" ಅನ್ನುತ್ತಿದ್ದರು. ಆ ಗುರುತು ತೆಗೆದದ್ದು ನಾನೇ.

ಕನ್ನಡದ ಸೈಟಿಗೆ ಇನ್ನೂ ಎರಡು ತೊಂದರೆ ಇದೆ. ಒಂದು, ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸುವುದು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಆದರೆ ಒಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಗೂಗಲ್ ಓದುವುದು ಅದನ್ನೇ. ಎಲ್ಲ ಫೋನು, ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡ್‌ಗೆ ಬದಲಾಯಿಸಿಯೇ ಹಾಕಬೇಕು. ಎರಡು, ದರ, ಅಳತೆ, ಫೋನ್ ನಂಬರ್ ಎಲ್ಲವನ್ನೂ ಪೋಸ್ಟರ್ ಮಾಡಿ ಚಿತ್ರವಾಗಿ ಹಾಕುವುದು. ಪೋಸ್ಟರ್ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಇರಲಿ. ಪುಟದಲ್ಲಿ ಅಕ್ಷರವಾಗಿಯೇ ಬರೆಯಿರಿ.

ಹಂತ 2: ಕಾಗದದಲ್ಲಿ ಪಟ್ಟಿ

ಎಲ್ಲ ಪುಟಗಳನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಪ್ರತಿಯೊಂದರ ಎದುರು ಗಿರಾಕಿ ಅದನ್ನು ಯಾವ ಮಾತಿನಿಂದ ಹುಡುಕುತ್ತಾನೆ ಎಂದು ಬರೆಯಿರಿ. ಒಂದು ಪುಟಕ್ಕೆ ಒಂದೇ ವಿಷಯ. 6 ಇಂಚು, 10 ಇಂಚು, 12 ಇಂಚಿನ ತಟ್ಟೆಗೆ ಗಿರಾಕಿಗಳು ಬೇರೆ ಬೇರೆಯಾದರೆ ಪುಟವೂ ಬೇರೆ ಇರಲಿ.

ಆ ಮಾತು ಎಲ್ಲಿ ಸಿಗುತ್ತದೆ? ನಿಮ್ಮ ವಾಟ್ಸ್‌ಆ್ಯಪಿನಲ್ಲೇ ಇದೆ. ಹೊಸ ಗಿರಾಕಿಗಳು ಕಳಿಸಿದ ಮೊದಲ ಮೆಸೇಜುಗಳನ್ನು ಓದಿ. ನಾವು 'ಪರಿಸರಸ್ನೇಹಿ ಭೋಜನ ತಟ್ಟೆ' ಎಂದು ದೊಡ್ಡದಾಗಿ ಬರೆದಿರುತ್ತೇವೆ. ಅವರು ಕೇಳುವುದು 'ಹಾಳೆ ತಟ್ಟೆ ರೇಟ್ ಎಷ್ಟು' ಎಂದು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಒಂದೇ ವಸ್ತುವಿಗೆ ಕನ್ನಡದಲ್ಲಿ ಹಾಳೆ ತಟ್ಟೆ, ಮಲಯಾಳದಲ್ಲಿ ಪಾಳ ಪ್ಲೇಟ್, ಇಂಗ್ಲಿಷಿನಲ್ಲಿ ಅರೆಕಾ ಲೀಫ್ ಪ್ಲೇಟ್. ಕಾಸರಗೋಡು ಎಂಬ ಹೆಸರನ್ನೂ ಇಂಗ್ಲಿಷಿನಲ್ಲಿ ನಡುವಿನ 'ಎ' ಸೇರಿಸಿ ಬರೆಯುವವರಿದ್ದಾರೆ, ಬಿಟ್ಟು ಬರೆಯುವವರೂ ಇದ್ದಾರೆ. ಸರಿಯಾದ ರೂಪವನ್ನೇ ಎಲ್ಲ ಕಡೆ ಬಳಸಿ. ಇನ್ನೊಂದು ರೂಪ ವಿಳಾಸದ ಪುಟದಲ್ಲಿ ಸಹಜವಾಗಿ ಒಮ್ಮೆ ಬಂದರೆ ಸಾಕು.

ಒಂದೇ ಪುಟವನ್ನು ಊರಿನ ಹೆಸರು ಬದಲಾಯಿಸಿ ಕುಂಬಳೆ, ಉಪ್ಪಳ, ಪೆರ್ಲ, ಮುಳ್ಳೇರಿಯ ಎಂದು ಇಪ್ಪತ್ತು ಸಲ ಮಾಡಿಕೊಡುವವರಿದ್ದಾರೆ. ದಯವಿಟ್ಟು ಬೇಡ. ಇಂಥ ಪುಟಗಳು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೇ ವಿರುದ್ಧ. 'ಮೊದಲ ಸ್ಥಾನ ಖಾತ್ರಿ' ಎನ್ನುವವರನ್ನೂ ನಂಬಬೇಡಿ. ಅಂಥ ಖಾತ್ರಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳುತ್ತದೆ.

ಹಂತ 3: ಹೆಸರು, ತಲೆಬರಹ, ವಿವರಣೆ

ಪ್ರತಿ ಪುಟದ ಟೈಟಲ್, ಅಂದರೆ ಹುಡುಕಿದಾಗ ಗೂಗಲ್‌ನಲ್ಲಿ ಕಾಣುವ ಪುಟದ ಹೆಸರು, ಬೇರೆ ಇರಲಿ. ಮುಖ್ಯ ಮಾತು ಮೊದಲು, ಅಂಗಡಿಯ ಹೆಸರು ಕೊನೆಗೆ. 'ಹೋಮ್', 'ಪ್ರಾಡಕ್ಟ್ 3' ಎಂಬ ಟೈಟಲ್ ಕಂಡರೆ ಈಗಲೇ ಬದಲಿಸಿ. ಪುಟದೊಳಗಿನ ದೊಡ್ಡ ತಲೆಬರಹವೂ ಅದೇ ವಿಷಯ ಹೇಳಲಿ. ಮೆಟಾ ಡಿಸ್ಕ್ರಿಪ್ಷನ್ ಎಂಬ ಚಿಕ್ಕ ವಿವರಣೆಯಿಂದ ಗೂಗಲ್‌ನಲ್ಲಿ ಸ್ಥಾನ ಮೇಲೇರುವುದಿಲ್ಲ. ಆದರೆ ಹುಡುಕಿದವರ ಕಣ್ಣಿಗೆ ಬೀಳುವ ಎರಡು ಸಾಲು ಅದೇ ಆಗಿರಬಹುದು, ಹಾಗಾಗಿ ಅಳತೆ, ಕನಿಷ್ಠ ಆರ್ಡರ್, ಊರು ಮೂರನ್ನೂ ಅಲ್ಲಿ ಬರೆಯಿರಿ. ಮೆಟಾ ಕೀವರ್ಡ್ಸ್ ಎಂಬ ಶಬ್ದಗಳ ಪಟ್ಟಿ ತುಂಬಿಸುತ್ತಾ ಕೂರಬೇಡಿ. ಸ್ಥಾನ ಕೊಡಲು ಅದನ್ನು ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಹಂತ 4: ಒಳಗಿನ ಲಿಂಕ್

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಗೂಗಲ್‌ನ ರೋಬೋಟ್ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವುದು ಹೆಚ್ಚಾಗಿ ಲಿಂಕ್ ಹಿಡಿದುಕೊಂಡು. ಯಾವ ಪುಟ ಮುಖ್ಯ ಎಂದು ತಿಳಿಯಲು ಅದಕ್ಕೆ ಎಲ್ಲೆಲ್ಲಿಂದ ಲಿಂಕ್ ಬಂದಿದೆ ಎಂದು ನೋಡುವುದು 1998ರಲ್ಲಿ ಆ ಕಂಪನಿ ಶುರುವಾದಾಗಿನಿಂದ ಇರುವ ಕ್ರಮ. ಈಗ ಬೇರೆ ನೂರು ಸಂಗತಿ ಸೇರಿಕೊಂಡಿವೆ, ಆದರೂ ಇದು ಹೋಗಿಲ್ಲ.

ನಮ್ಮ ಕಡೆ ನೀರಿಗಾಗಿ ಗುಡ್ಡದಲ್ಲಿ ಕೊರೆಯುವ ಸುರಂಗ ನೆನಪಿಸಿಕೊಳ್ಳಿ. ಗುಡ್ಡದೊಳಗಿನ ನೀರು ಪಂಪಿಲ್ಲದೆ ತನ್ನಷ್ಟಕ್ಕೇ ಹರಿದು ಕೆರೆಗೆ ಬಂದು ಬೀಳುತ್ತದೆ. ಕೆರೆ ತುಂಬಿದ್ದರೂ ಕಾಲುವೆ ತೋಡದಿದ್ದರೆ ತೋಟದ ಕೊನೆಯ ಸಾಲಿನ ಅಡಿಕೆ ಮರಕ್ಕೆ ಹನಿ ಮುಟ್ಟುವುದಿಲ್ಲ, ಅಲ್ವಾ? ನಿಮ್ಮ ಮುಖಪುಟವೇ ಆ ಕೆರೆ. ಹೊರಗಿನವರು ಕೊಡುವ ಲಿಂಕ್ ಜಾಸ್ತಿ ಬಂದು ಸೇರುವುದು ಅಲ್ಲಿಗೇ. ಅಲ್ಲಿಂದ ಮಾರಾಟದ ಪುಟದವರೆಗೆ ಕಾಲುವೆ ತೋಡುವ ಕೆಲಸ ನಮ್ಮದು.

ಪಟ್ಟಿ ಬರೆದ ಕಾಗದ ಮತ್ತೆ ತೆಗೆಯಿರಿ. ಯಾವ ಪುಟದಿಂದ ಯಾವ ಪುಟಕ್ಕೆ ಲಿಂಕ್ ಇದೆಯೋ ಅಲ್ಲಿಗೆ ಬಾಣ ಎಳೆಯಿರಿ. ಮೆನು ಬಿಡಿ, ಬರಹದ ಒಳಗಿನ ಲಿಂಕ್ ಮಾತ್ರ ನೋಡಿ. ಒಂದು ಬಾಣವೂ ಬಾರದ ಪುಟಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ. ಬದಿಯಡ್ಕದವರ ಕಾಗದದಲ್ಲಿ ಹದಿನಾಲ್ಕು ಪುಟಗಳಲ್ಲಿ ಒಂಬತ್ತಕ್ಕೆ ಕೆಂಪು ಸುತ್ತು ಬಿತ್ತು.

ಈಗ ಲಿಂಕ್ ಎಲ್ಲಿ ಹಾಕಬೇಕು? ಓದುವವನಿಗೆ ಸಂಶಯ ಬರುವ ಜಾಗದಲ್ಲಿ. ಅವರ ಸೈಟಿನಲ್ಲಿ 'ಹಾಳೆ ತಟ್ಟೆ ಹೇಗೆ ತಯಾರಾಗುತ್ತದೆ' ಎಂಬ ಒಳ್ಳೆಯ ಬರಹ ಇತ್ತು. ಉದುರಿದ ಹಾಳೆ ಹೆಕ್ಕುವುದು, ತೊಳೆಯುವುದು, ಬಿಸಿ ಅಚ್ಚಿನಲ್ಲಿ ಒತ್ತುವುದು ಎಲ್ಲವೂ ಇತ್ತು. ಒತ್ತುವ ಭಾಗ ಓದುವಾಗ ಯಾರಿಗಾದರೂ ಬರುವ ಪ್ರಶ್ನೆ: ಸಾರು ಹಾಕಿದರೆ ಸೋರುತ್ತದಾ? ಆ ಭಾಗದ ಬೆನ್ನಿಗೇ ಹೀಗೆ ಸೇರಿಸಿದೆವು: 'ಅನ್ನ, ಸಾರು, ಪಾಯಸ ಎಲ್ಲವನ್ನೂ ಒಟ್ಟಿಗೆ ಬಡಿಸುವ ಊಟಕ್ಕೆ ದಪ್ಪ ಹಾಳೆಯ 12 ಇಂಚಿನ ತಟ್ಟೆ ಒಳ್ಳೆಯದು.' ಅದರಲ್ಲಿ 'ದಪ್ಪ ಹಾಳೆಯ 12 ಇಂಚಿನ ತಟ್ಟೆ' ಎಂಬಷ್ಟು ಮಾತ್ರ ಲಿಂಕ್. ಮೊದಲು ಪುಟದ ತಳದಲ್ಲಿ 'ಹೆಚ್ಚಿನ ಮಾಹಿತಿಗೆ ಇಲ್ಲಿ ಕ್ಲಿಕ್ ಮಾಡಿ' ಎಂದಿತ್ತು. 'ಇಲ್ಲಿ' ಎಂದರೆ ಎಲ್ಲಿ? ಗಿರಾಕಿಗೂ ತಿಳಿಯದು, ಗೂಗಲ್‌ಗೂ ತಿಳಿಯದು. ಲಿಂಕಿನ ಮಾತನ್ನು ಮಾತ್ರ ಓದಿದರೂ ಆಚೆ ಏನಿದೆ ಎಂದು ಗೊತ್ತಾಗಬೇಕು.

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಶಬ್ದಕ್ಕೇ ಅಂಟಿಕೊಳ್ಳುತ್ತದೆ. 'ತಟ್ಟೆಗಳನ್ನು' ಎಂದಿದ್ದರೆ ಪೂರ್ತಿ ಶಬ್ದಕ್ಕೇ ಲಿಂಕ್ ಕೊಡಿ. 'ತಟ್ಟೆ' ಎಂಬಷ್ಟಕ್ಕೇ ಗೆರೆ ಎಳೆದು 'ಗಳನ್ನು' ಹೊರಗೆ ಬಿಟ್ಟರೆ ನೋಡಲು ಹರಕು ಹರಕಾಗಿ ಇರುತ್ತದೆ. ಒತ್ತಕ್ಷರದ ನಡುವೆಯೇ ತುಂಡು ಮಾಡಿದರೆ ಅಕ್ಷರವೂ ಒಡೆದು ಹೋಗುತ್ತದೆ. ಲಿಂಕಿಗೋಸ್ಕರ ಎಲ್ಲ ಕಡೆ 'ಹಾಳೆ ತಟ್ಟೆ' ಎಂದು ಒಂದೇ ರೂಪ ತುರುಕಬೇಡಿ. ತಟ್ಟೆಗೆ, ತಟ್ಟೆಯಲ್ಲಿ, ತಟ್ಟೆಗಳ ಎಂದು ವಾಕ್ಯಕ್ಕೆ ಬೇಕಾದ ಹಾಗೆ ಬರಲಿ.

ಒಂದೇ ಮಾತಿನಿಂದ ಎರಡು ಬೇರೆ ಪುಟಗಳಿಗೆ ಲಿಂಕ್ ಕೊಡಬೇಡಿ. ಇಡೀ ಪ್ಯಾರಾವನ್ನು ಲಿಂಕ್ ಮಾಡಬೇಡಿ. ಎಷ್ಟು ಲಿಂಕ್ ಎಂದು ಎಲ್ಲರೂ ಕೇಳುತ್ತಾರೆ. ಒಂದು ಪುಟಕ್ಕೆ ನೂರರ ಒಳಗೆ ಎಂದು ಗೂಗಲ್ ಹಿಂದೆ ಹೇಳುತ್ತಿತ್ತು, ಆ ಲೆಕ್ಕವನ್ನು ಕೈಬಿಟ್ಟು ತುಂಬ ಕಾಲವಾಯಿತು. ನನ್ನ ಲೆಕ್ಕ ಇಷ್ಟು: ಫೋನಿನಲ್ಲಿ ಒಂದು ಪರದೆ ತುಂಬುವಷ್ಟು ಬರಹಕ್ಕೆ ಒಂದು, ಹೆಚ್ಚೆಂದರೆ ಎರಡು. ಮೊದಲನೆಯದು ಆರಂಭದಲ್ಲೇ ಇರಲಿ, ಕೊನೆಯವರೆಗೆ ಓದುವವರು ಕಡಿಮೆ.

ತನ್ನಷ್ಟಕ್ಕೇ ಲಿಂಕ್ ಹಾಕುವ ಪ್ಲಗಿನ್‌ಗಳು, ಅಂದರೆ ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶಗಳು ಸಿಗುತ್ತವೆ. ಒಬ್ಬರ ಸೈಟಿನಲ್ಲಿ ಒಂದೇ ಪುಟದಲ್ಲಿ 'ಅಡಿಕೆ' ಎಂದು ಬಂದಲ್ಲೆಲ್ಲ ನೀಲಿ ಗೆರೆ ಬಿದ್ದಿತ್ತು, 'ಅಡಿಕೆ ತೋಟದ ಮನೆ' ಎಂಬ ವಿಳಾಸದಲ್ಲಿ ಕೂಡ. ತೆಗೆದು ಹಾಕಿ. ಕೈಯಿಂದ ಹಾಕಿದ ಹತ್ತು ಲಿಂಕ್ ಅಂಥ ಇನ್ನೂರಕ್ಕಿಂತ ಮೇಲು.

ಇನ್ನು ಬಟನ್‌ಗಳ ವಿಷಯ. 'ಇನ್ನಷ್ಟು ನೋಡಿ' ಎಂಬ ಚಂದದ ಬಟನ್ ಬರೀ ಜಾವಾಸ್ಕ್ರಿಪ್ಟಿನಿಂದ ಕೆಲಸ ಮಾಡುತ್ತಿದ್ದರೆ ಗೂಗಲ್ ಅದನ್ನು ಹಿಡಿದು ಮುಂದೆ ಹೋಗುತ್ತದೆ ಎಂದು ನಂಬುವಂತಿಲ್ಲ. ಮಾಡಿಕೊಟ್ಟವರ ಹತ್ತಿರ ಒಂದೇ ಪ್ರಶ್ನೆ ಕೇಳಿ: ಇದು ಹೆಚ್‌ರೆಫ್ (ಹೋಗಬೇಕಾದ ಪುಟದ ವಿಳಾಸ) ಇರುವ ಲಿಂಕಾ? ಪರೀಕ್ಷೆಯೂ ಸುಲಭ. ಕಂಪ್ಯೂಟರಿನಲ್ಲಿ ಬಟನ್ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ. ಹೊಸ ಟ್ಯಾಬ್‌ನಲ್ಲಿ ತೆರೆಯುವ ಆಯ್ಕೆ ಬಾರದಿದ್ದರೆ ಅದು ಲಿಂಕ್ ಅಲ್ಲ. ಚಿತ್ರಕ್ಕೆ ಲಿಂಕ್ ಕೊಟ್ಟಿದ್ದರೆ ಅದರ ಆಲ್ಟ್ ಬರಹವೇ (ಚಿತ್ರದಲ್ಲಿ ಏನಿದೆ ಎಂದು ಹೇಳುವ ಅಕ್ಷರ) ಲಿಂಕಿನ ಮಾತು. ಅದನ್ನು ಖಾಲಿ ಬಿಡಬೇಡಿ.

ಹಂತ 5: ಚಿತ್ರ ಮತ್ತು ವೇಗ

ಫೋನಿನಲ್ಲಿ ತೆಗೆದ ಚಿತ್ರವನ್ನು ಸಣ್ಣದು ಮಾಡಿಯೇ ಏರಿಸಿ, ಮುಖಪುಟದಲ್ಲಿ ತಾನೇ ಸರಿಯುವ ಚಿತ್ರಸಾಲು ಇದ್ದರೆ ತೆಗೆಯಿರಿ. ಗೂಗಲ್ ನೋಡುವುದು ಫೋನಿಗೆ ಕಾಣುವ ರೂಪವನ್ನು, ಹಾಗಾಗಿ ಎಲ್ಲವನ್ನೂ ಫೋನಿನಲ್ಲೇ ಪರೀಕ್ಷಿಸಿ.

ಹಂತ 6: ಮೂರು ಭಾಷೆ ಇದ್ದರೆ

ಕನ್ನಡ, ಮಲಯಾಳ, ಇಂಗ್ಲಿಷ್ ಮೂರನ್ನೂ ಒಂದೇ ಪುಟದಲ್ಲಿ ಕಲಸಬೇಡಿ. ಭಾಷೆಗೊಂದು ಪುಟ ಮಾಡಿ, ಯಾವ ಪುಟ ಯಾವ ಭಾಷೆಯದು ಎಂದು ಗೂಗಲ್‌ಗೆ ಹೇಳುವ ಹೆಚ್‌ರೆಫ್‌ಲ್ಯಾಂಗ್ ಗುರುತಿನಿಂದ ಒಂದಕ್ಕೊಂದು ತೋರಿಸಿ. ಮೂರೂ ಪುಟಗಳು ಪರಸ್ಪರ ತೋರಿಸಬೇಕು, ಒಂದು ಪುಟ ತಿರುಗಿ ತೋರಿಸದಿದ್ದರೆ ಆ ಜೋಡಿಯ ಗುರುತನ್ನು ಗೂಗಲ್ ಲೆಕ್ಕಕ್ಕೆ ಹಿಡಿಯದಿರಬಹುದು. ಕನ್ನಡ ಬರಹದೊಳಗಿನ ಲಿಂಕ್ ಕನ್ನಡ ಪುಟಕ್ಕೇ ಹೋಗಲಿ. ಓದುತ್ತಾ ಓದುತ್ತಾ ಒತ್ತಿದವರು ಮಲಯಾಳ ಪುಟಕ್ಕೆ ಹೋಗಿ ಬಿದ್ದದ್ದನ್ನು ಕಂಡಿದ್ದೇನೆ. ಯಂತ್ರದಿಂದ ಅನುವಾದ ಮಾಡಿಸಿದರೂ ಆ ಭಾಷೆ ಬಲ್ಲವರೊಬ್ಬರು ಓದಿ ತಿದ್ದಲೇಬೇಕು. ಕಾಸರಗೋಡಿನಲ್ಲಿ ಅಂಥವರಿಗೆ ಬರಗಾಲ ಇಲ್ಲ.

ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿಡಿ. ಕನ್ನಡದಲ್ಲೂ ಇಡಬಹುದು, ಗೂಗಲ್‌ಗೆ ತೊಂದರೆ ಇಲ್ಲ. ಆದರೆ ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಅದು ಶೇಕಡಾ ಚಿಹ್ನೆಗಳ ಉದ್ದ ಸರಪಳಿಯಾಗುತ್ತದೆ. ಜನ ಅದನ್ನು ಒತ್ತಲು ಹೆದರುತ್ತಾರೆ.

ಹಂತ 7: ಪರೀಕ್ಷೆ

ಹಳೆಯ ಪುಟದ ವಿಳಾಸ ಬದಲಿಸಿದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ತಾನೇ ಕಳಿಸುವ 301 ರೀಡೈರೆಕ್ಟ್ ಹಾಕಿ. ಒಳಗಿನ ಲಿಂಕ್‌ಗಳನ್ನೂ ಹುಡುಕಿ ಹೊಸ ವಿಳಾಸಕ್ಕೆ ತಿರುಗಿಸಿ.

ಆಮೇಲೆ ನಿಮ್ಮ ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ತೆರೆಯಿರಿ. ಇದಕ್ಕೆ ದುಡ್ಡಿಲ್ಲ. ಲಿಂಕ್ಸ್ ಎಂಬಲ್ಲಿ ಒಳಗಿನ ಲಿಂಕ್‌ಗಳ ಪಟ್ಟಿ ಇದೆ. ಯಾವ ಪುಟಕ್ಕೆ ಎಷ್ಟು ಎಂದು ತೋರಿಸುತ್ತದೆ. 'ಪ್ರೈವಸಿ ಪಾಲಿಸಿ' ಮೇಲೆ, ನಿಮಗೆ ಅನ್ನ ಕೊಡುವ ಪುಟ ಕೆಳಗೆ ಇದ್ದರೆ ಮತ್ತೆ ನಾಲ್ಕನೇ ಹಂತಕ್ಕೆ ಹೋಗಿ. ತಿದ್ದಿದ ಪುಟದ ವಿಳಾಸವನ್ನು ಕನ್ಸೋಲಿನ ಮೇಲ್ಗಡೆ ಇರುವ ಹುಡುಕುವ ಜಾಗದಲ್ಲಿ ಹಾಕಿ, ಮತ್ತೊಮ್ಮೆ ಬಂದು ನೋಡಲು ಗೂಗಲ್‌ಗೆ ಕೋರಿಕೆ ಕಳಿಸಬಹುದು. ಒಂದು ಸಲ ಸಾಕು. ಮತ್ತೆ ಮತ್ತೆ ಒತ್ತಿದರೆ ಬೇಗ ಬರುವುದಿಲ್ಲ. ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಬೇಕು.

ಬದಿಯಡ್ಕದವರ 12 ಇಂಚಿನ ತಟ್ಟೆಯ ಪುಟಕ್ಕೆ ಈಗ ಏಳು ಪುಟಗಳಿಂದ ದಾರಿ ಇದೆ. ಆ ಕಾಗದವನ್ನು ಅವರು ಅಚ್ಚಿನ ಮೆಷಿನ್ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಹೊಸ ಪುಟ ಹಾಕಿದ ದಿನವೇ ಅದಕ್ಕೆ ಎರಡು ಬಾಣ ಎಳೆಯುತ್ತಾರೆ, ಆಮೇಲೆ ಸೈಟಿನಲ್ಲಿ ಲಿಂಕ್ ಹಾಕುತ್ತಾರೆ.