ಕಾವಿ ಗೋಡೆಯ ಗಂಡಭೇರುಂಡ ಮೂರನೇ ಸಲಕ್ಕೆ ನಿಂತಿತು

ಜಗಲಿಯ ಗೋಡೆ ಮೇಲೆ ನಾನು ಕಾವಿಯಲ್ಲಿ ಬಿಡಿಸಿದ ಎರಡು ತಲೆಯ ಹಕ್ಕಿ ಗಂಡಭೇರುಂಡ ಕೂತು ಎರಡು ಮಳೆಗಾಲ ಕಳೆಯಿತು. ಒಂದು ಚಕ್ಕೆಯೂ ಎದ್ದಿಲ್ಲ. "ಸುಣ್ಣದ ಕೆಲಸ ಈಗ ಯಾರು ಮಾಡ್ತಾರೆ ಮಾರಾಯ್ರೇ, ಸಿಮೆಂಟ್ ಹೊಡೆದು ಮೇಲೆ ಬಣ್ಣ ಬಳೀರಿ, ಎರಡು ದಿನದಲ್ಲಿ ಮುಗೀತದೆ" ಅಂದಿದ್ದ ಮೇಸ್ತ್ರಿ ಮೊನ್ನೆ ಬಂದು ಉಗುರಿನಿಂದ ಕೆರೆದು ನೋಡಿ ಹೋದರು. ಅದಕ್ಕೇ ಬರೆಯೋಣ ಅನ್ನಿಸಿತು.

ನಮ್ಮದು ಕುಮಟಾ ಕಡೆ. ಗೋವಾದಿಂದ ಇಲ್ಲಿಯವರೆಗೆ ದೇವಸ್ಥಾನಗಳ ಗೋಡೆ ಮೇಲೆ ಕಾವಿ ಚಿತ್ರ ಇತ್ತು, ಜೀರ್ಣೋದ್ಧಾರದ ಹೆಸರಲ್ಲಿ ಎಷ್ಟೋ ಹೋಯಿತು. ಲೇಖಕ, ಛಾಯಾಗ್ರಾಹಕ ಕೃಷ್ಣಾನಂದ ಕಾಮತರು ಊರೂರು ತಿರುಗಿ ದಾಖಲೆ ಮಾಡಿಟ್ಟಿದ್ದು ನಮ್ಮ ಪುಣ್ಯ. ಕೆಳಗೆ ಬಿಳಿ ಸುಣ್ಣದ ಗಾರೆ, ಅದರ ಮೇಲೆ ಹುರುಮಂಜಿಯ, ಅಂದರೆ ಕೆಮ್ಮಣ್ಣಿನ ಕೆಂಪು, ಹಸಿ ಇರುವಾಗಲೇ ಹೆರೆದರೆ ಒಳಗಿನ ಬಿಳಿ ಬರುತ್ತದೆ.

ನನಗೆ ಬೇಕಾಗಿದ್ದು ಬೇಲೂರಿನ ಸಾಲು. ಚೆನ್ನಕೇಶವ ದೇವಸ್ಥಾನದಲ್ಲಿ ಕೆತ್ತಿದ್ದಾರಲ್ಲ, ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ ಅನ್ನುವ ಪುರಾಣದ ಮೃಗ, ಶರಭವನ್ನು ಗಂಡಭೇರುಂಡ ಹಿಡಿದಿರುತ್ತದೆ, ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡುತ್ತಾನೆ. ಎಷ್ಟೇ ಬಲ ಇರಲಿ, ಮೇಲೊಬ್ಬ ಇದ್ದೇ ಇರುತ್ತಾನೆ ಅನ್ನುವುದನ್ನು ಆರು ಪ್ರಾಣಿ ಇಟ್ಟು ಹೇಳಿದ್ದಾರೆ. ಅದನ್ನು ಕೆಂಪು ಬಿಳಿ ಎರಡರಲ್ಲೇ ಹೇಳಬೇಕು ಅಂತ ಹಟ ಹಿಡಿದೆ. ಗೋಡೆ ಸುಮಾರು ಆರು ಅಡಿಗೆ ಐದು ಅಡಿ, ಹಳೇ ಚಿರೆಕಲ್ಲಿನದು.

ಮೊದಲನೇ ಸಲ ಮರಳು ಕೈಕೊಟ್ಟಿತು. ತಂದುಕೊಟ್ಟವರು ಹೊಳೆ ಮರಳು ಅಂದರು, ಅದು ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರದ್ದು, ಉಪ್ಪಿನದು. ಚಿಪ್ಪಿಸುಣ್ಣ, ಬೆಲ್ಲ ಹಾಕಿ ಎರಡು ವಾರ ಕೊಳೆಸಿ, ಕುಟ್ಟಿಸಿ, ಬಳಿದು, ಚಿತ್ರವನ್ನೂ ಹೆರೆದೆ. ಮೂರು ವಾರಕ್ಕೆ ಕೆಂಪಿನ ಮೇಲೆಲ್ಲ ಉಪ್ಪು ಹೂ ಬಿಟ್ಟಿತು. ಬೆರಳಿನಿಂದ ಒರೆಸಿದರೆ ಬಿಳಿ ಪುಡಿ. ನಾಲ್ಕು ದಿನಕ್ಕೆ ಮತ್ತೆ ಅಷ್ಟೇ. ಹಕ್ಕಿಯ ಎರಡು ಮುಖವೂ ಮುಚ್ಚಿಹೋಯಿತು. ಕೂಲಿ ಸೇರಿ ಒಂಬತ್ತು ಸಾವಿರ ನೀರಿಗೆ ಹೋಯಿತು. ಈಗ ಮರಳನ್ನು ಐದಾರು ಸಲ ತೊಳೆಯುತ್ತೇನೆ, ಕೊನೆಯ ನೀರನ್ನು ನಾಲಿಗೆ ಮೇಲೆ ಇಟ್ಟು ನೋಡುತ್ತೇನೆ.

ಎರಡನೇ ಸಲ ಕೆಂಪು ದಪ್ಪ ಆಯಿತು. ಬಣ್ಣ ಗಾಢ ಬರಲಿ ಅಂತ ಎರಡು ಕೈ ಜಾಸ್ತಿ ಬಳಿದಿದ್ದೆ. ಬಿರುಕು ಬಿಟ್ಟಿತು. ಅದಕ್ಕಿಂತ ಬೇಸರ ಆಗಿದ್ದು ಶರಭನಿಂದ. ಎಂಟು ಕಾಲು ಅಲ್ವಾ? ಕಾಲು ಕಾಲಿನ ನಡುವೆ ಉಳಿಯಬೇಕಾದ ಕೆಂಪು ಗೆರೆ ತೆಳ್ಳಗಾಗಿ ದಬ್ಬಣ ತಾಗಿದ ಕೂಡಲೇ ಉದುರಿತು. ಎಂಟು ಕಾಲು ಸೇರಿ ಒಂದೇ ಬಿಳಿ ಮುದ್ದೆ. ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ಸಣ್ಣ ಗೆರೆ ಉಳಿಸಲು ಹೋಗಬೇಡಿ. ಆರೇಳು ಸಾವಿರ ಮತ್ತೆ ಹೋಯಿತು. ಮನೆಯಲ್ಲಿ ಎಲ್ಲರೂ ಸಾಕು ಮಾಡು ಅಂದರು.

ಮಧ್ಯೆ ಸುಮ್ನೆ ಕೂರಲಿಲ್ಲ. ಮುರಿದ ಹೆಂಚುಗಳ ಮೇಲೆ ಬೇರೆ ಬೇರೆ ಮಾಡಿ ನೋಡಿದೆ. ಅಂಗಡಿಯ ರೆಡ್ ಆಕ್ಸೈಡ್ ಕಣ್ಣಿಗೆ ಹೊಡೆಯುವಷ್ಟು ಕೆಂಪು, ಹುರುಮಂಜಿಯ ಹದ ಅದಕ್ಕಿಲ್ಲ. ಇದ್ದಿಲು ಸೇರಿಸಿ ಕಪ್ಪು ಆನೆ ಮಾಡೋಣ ಅಂದುಕೊಂಡೆ, ಸುಣ್ಣದಲ್ಲಿ ಅದು ಬೂದಿ ಬಣ್ಣಕ್ಕೆ ಬಂತು. ಅಳಲೆಕಾಯಿ ನೀರು ಹಾಕಿದ ಹೆಂಚು ಮಾತ್ರ ಗಟ್ಟಿಯಾಯಿತು, ಮೂರನೇ ಸಲಕ್ಕೆ ಅದನ್ನೇ ಹಿಡಿದೆ. ಬೆಲ್ಲ ಎಷ್ಟು, ಅಳಲೆ ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಎರಡು ವರ್ಷ ಕಳೆದುಕೊಂಡು ಕಲಿತಿದ್ದು.

ಚಿತ್ರವನ್ನೂ ಹೊಸದಾಗಿ ಯೋಚಿಸಿದೆ. ಒಂದೇ ಬಣ್ಣದಲ್ಲಿ ಬಲ ತೋರಿಸುವುದು ಹೇಗೆ? ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯ ನೋಡಿ ದಾರಿ ಸಿಕ್ಕಿತು. ಅದರಲ್ಲಿ ಗಂಡಭೇರುಂಡ ಕೊಕ್ಕಲ್ಲೂ ಉಗುರಲ್ಲೂ ಆನೆಗಳನ್ನು ಹಿಡಿದಿದೆ, ಆನೆಗಳು ಗಿಳಿಯಷ್ಟು ಚಿಕ್ಕವು. ಆನೆ ಎಷ್ಟು ದೊಡ್ಡದು ಅಂತ ನೋಡುವವರಿಗೆ ಗೊತ್ತೇ ಇದೆ, ಹಕ್ಕಿ ಎಷ್ಟು ದೊಡ್ಡದು ಅನ್ನುವುದು ಆಗ ತಾನಾಗಿ ತಿಳಿಯುತ್ತದೆ. ನಾನೂ ಸಾಲಿನ ಒಂದೊಂದು ಪ್ರಾಣಿಯನ್ನು ಹಿಂದಿನದಕ್ಕಿಂತ ಒಂದೂವರೆ ಪಟ್ಟು ದೊಡ್ಡದು ಮಾಡಿದೆ. ಜಿಂಕೆ ಅಂಗೈಯಷ್ಟು, ಕತ್ತು ಹಿಂದಕ್ಕೆ ತಿರುಗಿಸಿದೆ. ಆ ತಿರುಗಿದ ಕತ್ತಲ್ಲೇ ಅದರ ಹೆದರಿಕೆ ಪೂರ್ತಿ ಇದೆ. ಹಾವಿನ ಹುರುಪೆಗೆ ಕೈವಾರ ಸಾಕಾಯಿತು.

ಶರಭನ ವಿಷಯಕ್ಕೆ ದೊಡ್ಡಪ್ಪ ಬೇಜಾರು ಮಾಡಿಕೊಂಡರು. ನರಸಿಂಹನ ಸಿಟ್ಟು ಇಳಿಸಲು ಶಿವ ಶರಭನಾದ ಅಂತ ಶೈವರ ಕತೆ, ಆ ಶರಭನನ್ನು ಗೆಲ್ಲಲು ನರಸಿಂಹನೇ ಗಂಡಭೇರುಂಡನಾದ ಅಂತ ವೈಷ್ಣವರ ಕತೆ. "ಗೋಕರ್ಣಕ್ಕೆ ನಡ್ಕೊಳ್ಳೋ ಮನೆ ನಮ್ದು, ಜಗಲಿ ಮೇಲೆ ಶಿವನನ್ನ ಸೋಲಿಸಿ ಇಡ್ತೀಯೇನೋ?" ಅಂದರು. ಮಾತು ಸರಿ ಇತ್ತು. ಶರಭನ ತಲೆಯನ್ನು ಮೇಲಕ್ಕೆತ್ತಿಸಿ, ಮುಂದಿನ ಎರಡು ಕಾಲನ್ನು ಹಕ್ಕಿಯ ಎದೆಗೆ ಊರಿಸಿದೆ. ಅವನಿನ್ನೂ ಸೋತಿಲ್ಲ. ದೊಡ್ಡಪ್ಪ ನೋಡಿ ತಲೆಯಾಡಿಸಿದರು.

ಮೂರನೇ ಸಲ ಕೆಂಪು ಒಂದು ನಾಣ್ಯದ ದಪ್ಪಕ್ಕಿಂತ ಮೀರಲು ಬಿಡಲಿಲ್ಲ. ಕರಣಿಯಿಂದ ಎಳೆದು, ಹೊಳೆಕಲ್ಲಿನಿಂದ ಉಜ್ಜಿದೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಬಣ್ಣ ಬೆರಳಿಗೆ ಬರಬಾರದು, ಆಗ ದಬ್ಬಣ ಹಿಡಿಯಿರಿ. ಅಲ್ಲಿಂದ ನನಗೆ ಸಿಕ್ಕಿದ್ದು ಐದು ಗಂಟೆ ಇರಬಹುದು. ಅದಕ್ಕೇ ಗೋಡೆಯನ್ನು ಮೂರು ಭಾಗ ಮಾಡಿ ಮೂರು ದಿನ ಹೆರೆದೆ. ಭಾಗಗಳು ಸೇರುವ ಎರಡು ಜೋಡು ಎಲ್ಲಿವೆ ಅಂತ ಇವತ್ತಿನವರೆಗೆ ಒಬ್ಬರೂ ಕಂಡುಹಿಡಿದಿಲ್ಲ. ಅದನ್ನು ಮುಚ್ಚಿದ್ದು ಹೇಗೆ ಅಂತಲೂ ಹೇಳುವುದಿಲ್ಲ, ಹಾವು ಎಲ್ಲಿ ಸುತ್ತಿಕೊಂಡಿದೆ ನೋಡಿ. ಆಮೇಲೆ ಹತ್ತು ದಿನ ಒದ್ದೆ ಗೋಣಿ ಕಟ್ಟಿಟ್ಟೆ.

ಮೂರನೇ ಸಲದ್ದು ಹದಿನಾಲ್ಕು ಸಾವಿರ, ಎಲ್ಲ ಸೇರಿ ಮೂವತ್ತರ ಹತ್ತಿರ. ಮೇಸ್ತ್ರಿ ಹೇಳಿದ ಸಿಮೆಂಟ್ ಕೆಲಸ ಹನ್ನೆರಡಕ್ಕೆ ಮುಗಿಯುತ್ತಿತ್ತು. ನನಗೆ ಒಂದು ರೂಪಾಯಿಯ ಬೇಸರವೂ ಇಲ್ಲ. ಬೆಳಿಗ್ಗೆ ಎಂಟರ ಬಿಸಿಲು ಅಡ್ಡ ಬಿದ್ದಾಗ ಹೆರೆದ ಗೆರೆಯ ಅಂಚಿಗೆ ಒಂದು ಎಳೆ ನೆರಳು ಬರುತ್ತದೆ, ಆಗ ರೆಕ್ಕೆಗಳು ಗೋಡೆ ಬಿಟ್ಟು ಮೇಲೆದ್ದ ಹಾಗೆ ಕಾಣುತ್ತವೆ.

ಈಗ ಪಕ್ಕದ ಮನೆಯವರ ತುಳಸಿಕಟ್ಟೆಗೆ ಜೋಡಿ ನವಿಲು ಕೇಳಿದ್ದಾರೆ. ಸುಣ್ಣ ಕೊಳೆಹಾಕಿ ಒಂಬತ್ತು ದಿನ ಆಯಿತು.