ಪೊಲ್ಲಾಯುವೊಲೊನ ಕಾಳಗ: ಗೊಂಬೆ ತಿರುಗಿಸಿ ಓದಿದೆ

ಇಟಲಿಯ ಫ್ಲಾರೆನ್ಸಿನ ಶಿಲ್ಪಿ ಆಂಟೋನಿಯೊ ಪೊಲ್ಲಾಯುವೊಲೊ 1470ರ ಆಸುಪಾಸಿನಲ್ಲಿ ತಗಡಿನ ಮೇಲೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಚಿತ್ರವೊಂದಿದೆ, ಹತ್ತು ಬೆತ್ತಲೆ ಗಂಡಸರ ಕಾಳಗ. ಯಾವ ಯುದ್ಧ ಅಂತ ಹುಡುಕುವುದರಲ್ಲೇ ಎಲ್ಲರೂ ಸುಸ್ತಾಗುತ್ತಾರೆ. ಹರ್ಕ್ಯುಲಿಸ್ ಕಥೆ ಅಂತ ಕೆಲವರು, ಗ್ಲಾಡಿಯೇಟರ್‌ಗಳು ಅಂತ ಇನ್ನು ಕೆಲವರು. ಕಥೆ ಬಿಡಿ, ಮಣ್ಣಿನ ಗೊಂಬೆ ಮಾಡಿ ತಿರುಗಿಸಿ ನೋಡೋಣ ಅಂದೆ. ಗೆಳೆಯರು ನಂಬಲಿಲ್ಲ. ಈಗ ಅವರೇ ಫೋಟೊ ಕೇಳುತ್ತಿದ್ದಾರೆ.

ದುಡ್ಡು ಹೋಗಿದ್ದು ಆ ಚಿತ್ರದ ಪ್ರಿಂಟ್ ತೆಗೆಸುವುದಕ್ಕೆ. ಮೊದಲ ಹಂತದ ಪ್ರತಿ, ಅಂದರೆ ತಗಡನ್ನು ಮತ್ತೆ ತಿದ್ದಿ ಕೊರೆಯುವ ಮೊದಲು ಒತ್ತಿದ್ದು, ಉಳಿದಿರುವುದು ಒಂದೇ, ಅದು ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಮ್ಮಿನಲ್ಲಿದೆ. ಚಿತ್ರ ಬಿಟ್ಟಿ ಸಿಗುತ್ತೆ. ಮೂಲ ಹೆಚ್ಚುಕಡಿಮೆ ಎ2 ಹಾಳೆಯಷ್ಟಿದೆ, ಅದಕ್ಕಿಂತ ಚಿಕ್ಕದು ತೆಗೆಸಿದರೆ ಸಣ್ಣ ಗೆರೆಗಳು ಮಾಯ. ಮೊದಲ ಅಂಗಡಿಯವರು ಕಪ್ಪು ಜಾಸ್ತಿ ಮಾಡಿ ತೊಡೆಯ ನೆರಳೆಲ್ಲ ಮಸಿಯಾಯಿತು, ಎರಡನೆಯವರದು ಹೊಳೆಯುವ ಕಾಗದ, ಟ್ರೇಸಿಂಗ್ ಹಾಳೆ ನಿಲ್ಲಲೇ ಇಲ್ಲ. ಎಲ್ಲ ಸೇರಿ 1,800 ರೂಪಾಯಿ ಹತ್ತಿರ ಆಗಿರಬೇಕು.

ಹತ್ತು ಜನರನ್ನೂ ಬೇರೆ ಬೇರೆ ಹಾಳೆಯಲ್ಲಿ ಎತ್ತಿಕೊಂಡೆ. ತಲೆಪಟ್ಟಿ ಇರುವವರು ಐದು, ಇಲ್ಲದವರು ಐದು. ಆಮೇಲೆ ನಡುವೆ ಸರಪಳಿ ಹಿಡಿದ ಇಬ್ಬರಲ್ಲಿ ಒಬ್ಬನನ್ನು ಮಾತ್ರ ತಂತಿ, ಎಣ್ಣೆಮಣ್ಣಿನಲ್ಲಿ ಮಾಡಿದೆ. ಎತ್ತಿದ ಕೈ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. ತಂತಿ ಸುತ್ತುವ ಒಂದು ಉಪಾಯದಿಂದ ನಿಂತಿತು, ಅದು ನನ್ನ ಹತ್ತಿರವೇ ಇರಲಿ. ಮುಂದಿನಿಂದ ಫೋಟೊ, ಗೊಂಬೆ ತಿರುಗಿಸಿ ಹಿಂದಿನಿಂದ ಫೋಟೊ. ಎರಡನೆಯದು ಎದುರಾಳಿಯ ಮೇಲೆ ಕೂತೇಬಿಟ್ಟಿತು! ಭುಜ, ಸೊಂಟ, ಚಾಚಿದ ಕಾಲು, ಎಲ್ಲ.

ಹಾಗಾಗಿ ನನ್ನ ಓದು ಇಷ್ಟು. ಇಲ್ಲಿ ಗೆಲ್ಲುವವರು ಯಾರು ಅನ್ನೋದು ಮುಖ್ಯವೇ ಅಲ್ಲ. ಒಂದೇ ಮೈ ಎಲ್ಲ ಕಡೆಯಿಂದ ಹೇಗೆ ಕಾಣುತ್ತೆ ಅಂತ ಕಂಚಿನ ಕೆಲಸ ಬಲ್ಲವನೊಬ್ಬ ತೋರಿಸುತ್ತಿದ್ದಾನೆ. ನಿಜವಾದ ಹೊಡೆದಾಟದಲ್ಲಿ ಒಂದು ಸ್ನಾಯು ಬಿಗಿದರೆ ಇನ್ನೊಂದು ಸಡಿಲ ಆಗುತ್ತೆ, ಅಲ್ವಾ? ಇಲ್ಲಿ ನೆಲಕ್ಕೆ ಬಿದ್ದವನ ಮೈಯೂ ಪೂರ್ತಿ ಬಿಗಿ. ಎಡಗಡೆ ಮರಕ್ಕೆ ತೂಗುಹಾಕಿದ ಫಲಕದಲ್ಲಿ ತನ್ನ ಹೆಸರು, ಊರು ಎರಡನ್ನೂ ದೊಡ್ಡದಾಗಿ ಕೊರೆದಿದ್ದಾನೆ. ಕೈಚಳಕ ನೋಡಿ ಅಂತಲೇ ಅದು.

ನಡುವೆ ಹಳೆ ತಾಮ್ರದ ತಗಡಿನ ಮೇಲೆ ಅವನು ನೆರಳಿಗೆ ಹಾಕುವ, ಹೋಗಿ ಬರುವ ಅಂಕುಡೊಂಕು ಗೆರೆ ಕೊರೆದು ನೋಡಿದೆ. ತಿರುವಿನಲ್ಲಿ ಉಳಿ ಜಾರುತ್ತೆ, ಕೈ ಪಳಗಲು ವಾರಗಳು ಬೇಕು. ಚಿತ್ರದಲ್ಲಿ ಗಂಡಸರ ಹಿಂದೆ ನಿಂತ ಎತ್ತರದ ಬೆಳೆ ನನ್ನ ಕಣ್ಣಿಗೆ ಜೋಳದ ಹಾಗೇ ಕಂಡಿತು.

ಅದೇ ಕಾಲದ ಇಟಲಿಯ ಕಲಾವಿದ ಮಾಂಟೆನ್ಯ ಕೊರೆದ ಕಡಲದೇವತೆಗಳ ಕಾಳಗಕ್ಕೂ ಈ ಗೊಂಬೆಯ ಉಪಾಯವನ್ನೇ ಹಚ್ಚಿದೆ, ಕೆಲಸ ಮಾಡಲಿಲ್ಲ. ಮೈಗಳು ಒಂದರ ಮೇಲೊಂದು ಬಿದ್ದಿವೆ. ಜೊತೆಗೆ ಹೊಟ್ಟೆಕಿಚ್ಚು ಅಂತ ಲ್ಯಾಟಿನ್ನಿನಲ್ಲಿ ಬರೆದ ಫಲಕ ಹಿಡಿದ ಮುದುಕಿ ಇದ್ದಾಳೆ. ಅಲ್ಲಿ ಕಥೆ ಬೇಕೇ ಬೇಕು.